ಹಳೆಯ ಹಳ್ಳಿ ರಸ್ತೆಯ ದುರಸ್ತಿಗೆ ಸರ್ಕಾರದ ಹಣ ಪಡೆಯುವ ಬಗೆ

ಒಳ್ಳೆಯ ಬೀಜ, ಸಕಾಲಕ್ಕೆ ಗೊಬ್ಬರ, ಹದವರಿತ ನೀರು ಇವುಗಳಿಂದ ಬೆಳೆ ಬರುತ್ತದೆ. ಆದರೆ ಬೆಳೆದ ಮಾಲು ಹಣವಾಗಬೇಕಾದರೆ ಅದು ಕೆಡದೆ ಮಾರುಕಟ್ಟೆ ಸೇರಬೇಕು. ಗುಂಡಿ ಬಿದ್ದ ದಾರಿಯಲ್ಲಿ ಹೊರಟ ಟೊಮೇಟೊ ಕ್ರೇಟಿನ ತಳದ ಹಣ್ಣು ಜಜ್ಜಿಹೋಗುತ್ತದೆ. ಹಾಲಿನ ವಾಹನ ತಡವಾದರೆ ಹಾಲು ಒಡೆಯುತ್ತದೆ. ಮಳೆಗಾಲದಲ್ಲಿ ಲಾರಿಯವರು ಊರೊಳಗೆ ಬರಲು ಒಪ್ಪದಿದ್ದರೆ ರೈತನೇ ಟ್ರ್ಯಾಕ್ಟರಿನಲ್ಲಿ ಮುಖ್ಯ ರಸ್ತೆಯವರೆಗೆ ಸಾಗಿಸಿ, ಅಲ್ಲಿ ಮತ್ತೆ ಹಮಾಲಿ ತೆತ್ತು ತುಂಬಿಸಬೇಕಾಗುತ್ತದೆ. ಹೆರಿಗೆಗೆ, ಹಾವು ಕಡಿತಕ್ಕೆ ಬರಬೇಕಾದ ವಾಹನವೂ ಇದೇ ದಾರಿಯಲ್ಲಿ ಬರಬೇಕು. ರಸ್ತೆ ಕೆಟ್ಟರೆ ಊರಿಗೆ ಊರೇ ನಷ್ಟ ಅನುಭವಿಸುತ್ತದೆ.

ನಮ್ಮ ರಾಜ್ಯದ ಬಹುತೇಕ ಹಳ್ಳಿಗಳಿಗೆ ಇಂದು ಯಾವುದಾದರೊಂದು ಬಗೆಯ ರಸ್ತೆ ಇದೆ. ಇದ್ದ ರಸ್ತೆಯನ್ನು ಉಳಿಸಿಕೊಳ್ಳುವುದೇ ಈಗಿನ ಕೆಲಸ. ಆದರೆ ದುರಸ್ತಿಗೆ ಹಣ ದೊರಕಿಸುವುದು ಅಷ್ಟು ಸುಲಭವಲ್ಲ. ಹೊಸ ರಸ್ತೆಗೆ ಶಂಕುಸ್ಥಾಪನೆ, ಫಲಕ, ಸಮಾರಂಭ ಎಲ್ಲವೂ ಉಂಟು. ಹಳೆಯ ರಸ್ತೆಯ ಚರಂಡಿ ತೋಡಿಸುವುದಕ್ಕೆ ಇವು ಯಾವುವೂ ಇಲ್ಲ. ಅದಲ್ಲದೆ "ನಮ್ಮೂರ ರಸ್ತೆ ಹಾಳಾಗಿದೆ, ಸರಿ ಮಾಡಿಸಿಕೊಡಿ" ಎಂಬ ಎರಡು ಸಾಲಿನ ಅರ್ಜಿಯನ್ನು ಓದಿದ ಅಧಿಕಾರಿಗೆ ಯಾವ ರಸ್ತೆ, ಎಷ್ಟು ಉದ್ದ, ಯಾವ ಕೆಲಸ, ಯಾವ ಲೆಕ್ಕದ ಹಣ ಎಂಬುದು ತಿಳಿಯುವುದಿಲ್ಲ. ಅರ್ಜಿ ಕಡತ ಸೇರಿ ಅಲ್ಲಿಯೇ ಉಳಿಯುತ್ತದೆ.

ಆದ್ದರಿಂದ ಅರ್ಜಿ ಬರೆಯುವ ಮೊದಲು ಊರಿನವರು ಮೂರು ವಿಷಯಗಳನ್ನು ತಿಳಿದಿರಬೇಕು. ರಸ್ತೆ ಯಾರಿಗೆ ಸೇರಿದ್ದು? ಅದಕ್ಕೆ ತಗುಲಿರುವ ರೋಗ ಯಾವುದು? ಆ ಕೆಲಸಕ್ಕೆ ಹೊಂದುವ ಹಣ ಎಲ್ಲಿದೆ? ಈ ಮೂರನ್ನೂ ತಿಳಿದು, ವರ್ಷದ ಯೋಜನೆ ತಯಾರಾಗುವುದಕ್ಕೆ ಮುಂಚೆ ಕೇಳಿದವರಿಗೆ ಹಣ ಸಿಗುವ ಸಂಭವ ಹೆಚ್ಚು.

ರಸ್ತೆ ಯಾರಿಗೆ ಸೇರಿದ್ದು?

ನಮ್ಮ ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಇತರೆ ಜಿಲ್ಲಾ ರಸ್ತೆ ಮತ್ತು ಗ್ರಾಮ ರಸ್ತೆ ಎಂದು ವಿಂಗಡಿಸಲಾಗಿದೆ. 1943ರ ನಾಗಪುರ ಯೋಜನೆಯ ಕಾಲದಿಂದಲೂ ಈ ವಿಂಗಡಣೆ ನಡೆದುಬಂದಿದೆ. ಕರ್ನಾಟಕದಲ್ಲಿ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿವೆ. ಹಳ್ಳಿಯಿಂದ ಹಳ್ಳಿಗೆ ಹೋಗುವ ಗ್ರಾಮೀಣ ರಸ್ತೆಗಳನ್ನು ಜಿಲ್ಲಾ ಪಂಚಾಯಿತಿಯ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗವು ನೋಡಿಕೊಳ್ಳುತ್ತದೆ. ಊರೊಳಗಿನ ಬೀದಿಗಳು ಗ್ರಾಮ ಪಂಚಾಯಿತಿಯವು.

ರಸ್ತೆಯ ವರ್ಗವನ್ನು ಗುರುತಿಸಲು ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣವನ್ನು ನೋಡಬಹುದು. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಪ್ಪು ಇದ್ದರೆ ಜಿಲ್ಲಾ ರಸ್ತೆ, ಕಿತ್ತಳೆ ಬಣ್ಣ ಇದ್ದರೆ ಗ್ರಾಮೀಣ ರಸ್ತೆ. ಕಲ್ಲು ಇಲ್ಲದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ಅಥವಾ ತಾಲ್ಲೂಕಿನ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಕಚೇರಿಯಲ್ಲಿ ರಸ್ತೆಯ ಹೆಸರು ಮತ್ತು ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಬೇಕು.

ಮೂರು ಸಂದರ್ಭಗಳಲ್ಲಿ ವಿಶೇಷ ಎಚ್ಚರಿಕೆ ಬೇಕು.

1. ಅಚ್ಚುಕಟ್ಟು ಪ್ರದೇಶಗಳಲ್ಲಿ ಊರಿನವರು ನಿತ್ಯ ಓಡಾಡುವ ದಾರಿ ಕಾಲುವೆಯ ಏರಿ ಆಗಿರಬಹುದು. ಅದು ನೀರಾವರಿ ನಿಗಮಕ್ಕೆ ಸೇರಿದ್ದು. ಪಂಚಾಯಿತಿಯವರು ಬಯಸಿದರೂ ಅದರ ಮೇಲೆ ಹಣ ಹಾಕಲಾರರು.

2. ಮಲೆನಾಡಿನಲ್ಲಿ ರಸ್ತೆ ಅರಣ್ಯದೊಳಗೆ ಹಾದುಹೋಗುವುದುಂಟು. ಅಲ್ಲಿ ಅಗಲ ಹೆಚ್ಚಿಸುವ, ಮೇಲ್ದರ್ಜೆಗೆ ಏರಿಸುವ ಕೆಲಸಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಮೊದಲು ಬೇಕು.

3. ಹೊಲಗಳ ನಡುವಿನ ಬಂಡಿದಾರಿ ಗ್ರಾಮ ನಕಾಶೆಯಲ್ಲಿ ಗುರುತಾಗಿದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯವರಲ್ಲಿ ಪರಿಶೀಲಿಸಬೇಕು. ನಕಾಶೆಯಲ್ಲಿ ಇಲ್ಲದ ದಾರಿ ಯಾರದೋ ಹಿಡುವಳಿಯಲ್ಲಿದ್ದರೆ ಮೊದಲು ಜಮೀನಿನ ವಿಷಯ ಬಗೆಹರಿಯಬೇಕು. ನಕಾಶೆಯಲ್ಲಿದ್ದು ಒತ್ತುವರಿಯಾಗಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಬೇಕು. ಈ ಕೆಲಸ ಬಾಕಿ ಉಳಿದರೆ ಹಣ ಮಂಜೂರಾದ ಮೇಲೆ ತಕರಾರು ಎದ್ದು ಹಣ ಹಿಂದಕ್ಕೆ ಹೋಗುತ್ತದೆ.

ರಸ್ತೆಯ ರೋಗವನ್ನು ಗುರುತಿಸುವುದು

ಬೆಳೆಗೆ ರೋಗ ಬಂದಾಗ ಎಲೆಯ ಚುಕ್ಕೆ ನೋಡಿ ಔಷಧಿ ನಿರ್ಧರಿಸುವಂತೆ, ರಸ್ತೆಯ ಮೇಲಿನ ಗುರುತುಗಳನ್ನು ನೋಡಿ ಒಳಗಿನ ದೋಷವನ್ನು ಊಹಿಸಬಹುದು. ಹೆಚ್ಚಿನ ಹಳ್ಳಿ ರಸ್ತೆಗಳು ಕೆಡುವುದು ನೀರಿನಿಂದ. ಡಾಂಬರಿನ ಕೆಳಗೆ ಜಲ್ಲಿಯ ಪದರ, ಅದರ ಕೆಳಗೆ ಗರಸಿನ ಪದರ, ಅದರ ಕೆಳಗೆ ಮಣ್ಣು ಇರುತ್ತದೆ. ವಾಹನದ ಭಾರವನ್ನು ಕೊನೆಗೆ ಹೊರುವುದು ಈ ಮಣ್ಣೇ. ಒಣಗಿದ್ದಾಗ ಗಟ್ಟಿಯಾಗಿರುವ ಮಣ್ಣು ನೆನೆದಾಗ ಬಲ ಕಳೆದುಕೊಳ್ಳುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ, ರಾಯಚೂರು ಜಿಲ್ಲೆಗಳ ಎರೆ ಭೂಮಿಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಎರೆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮೇಲಿನ ರಸ್ತೆಯೂ ಅದರೊಡನೆ ಉದ್ದುದ್ದ ಬಿರಿಯುತ್ತದೆ.

ಸಾಮಾನ್ಯವಾಗಿ ಕಾಣುವ ಗುರುತುಗಳು ಹೀಗಿವೆ.

ಅಲ್ಲೊಂದು ಇಲ್ಲೊಂದು ಗುಂಡಿ, ಉಳಿದ ಭಾಗ ಚೆನ್ನಾಗಿದೆ: ಮೇಲ್ಪದರದ ದೋಷ ಮಾತ್ರ. ಗುಂಡಿ ಮುಚ್ಚಿದರೆ ಸಾಕು.

ಡಾಂಬರಿನ ಅಂಚು ಮುರಿದು ರಸ್ತೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ: ಪಕ್ಕದ ಮಣ್ಣು ಕೊಚ್ಚಿಹೋಗಿ ಅಂಚಿಗೆ ಆಸರೆ ಇಲ್ಲ. ಎರಡೂ ಪಕ್ಕ ಗರಸು ತುಂಬಿ ಗಟ್ಟಿಮಾಡಬೇಕು.

ಮೊಸಳೆಯ ಚರ್ಮದಂತೆ ಜಾಲಜಾಲವಾದ ಬಿರುಕು: ಕೆಳಗಿನ ಪದರ ಸೋತಿದೆ. ಇದರ ಮೇಲೆ ಹೊಸ ಡಾಂಬರು ಹಾಕಿದರೆ ಅದೇ ಬಿರುಕು ಮತ್ತೆ ಮೇಲೆ ಬರುತ್ತದೆ. ಆ ಭಾಗವನ್ನು ಅಗೆದು ತಳದಿಂದ ಕಟ್ಟಬೇಕು.

ಗಾಲಿಯ ಜಾಡಿನಲ್ಲಿ ಕುಸಿತ: ಮಣ್ಣು ನೆನೆದು ಮೆತ್ತಗಾಗಿದೆ, ಇಲ್ಲವೆ ರಸ್ತೆ ಹೊರಬಲ್ಲದ್ದಕ್ಕಿಂತ ಹೆಚ್ಚಿನ ಭಾರದ ವಾಹನ ಓಡಾಡುತ್ತಿದೆ.

ಮಳೆ ಬಂದಾಗಲೆಲ್ಲ ಒಂದೇ ಜಾಗದಲ್ಲಿ ನೀರು ರಸ್ತೆ ದಾಟುತ್ತದೆ: ಮೋರಿ ಮುಚ್ಚಿದೆ ಅಥವಾ ಮೋರಿಯೇ ಇಲ್ಲ.

ರಸ್ತೆಯ ನಡುಭಾಗ ಅಂಚಿಗಿಂತ ಎತ್ತರವಿದ್ದರೆ ಮಾತ್ರ ಮಳೆನೀರು ಪಕ್ಕಕ್ಕೆ ಹರಿಯುತ್ತದೆ. ಡಾಂಬರು ರಸ್ತೆಗೆ ಈ ಇಳಿಜಾರು ಸಾಮಾನ್ಯವಾಗಿ ಶೇ. 3ರಿಂದ 4 ಇರಬೇಕು. 3.75 ಮೀಟರ್ ಅಗಲದ ರಸ್ತೆಯಲ್ಲಿ ಅಂಚಿನಿಂದ ಅಂಚಿಗೆ ದಾರ ಹಿಡಿದರೆ, ನಡುಭಾಗವು ದಾರಕ್ಕಿಂತ ಐದೂವರೆಯಿಂದ ಏಳೂವರೆ ಸೆಂಟಿಮೀಟರ್ ಎತ್ತರವಿರಬೇಕು ಎಂದಾಯಿತು. ಇದನ್ನು ಇಬ್ಬರು ಸೇರಿ ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಪಕ್ಕದ ಚರಂಡಿಯ ತಳವು ರಸ್ತೆಯ ಗರಸು ಪದರಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಚರಂಡಿಯ ನೀರೇ ರಸ್ತೆಯೊಳಕ್ಕೆ ಇಳಿಯುತ್ತದೆ.

ಇದರಿಂದ ತಿಳಿಯಬೇಕಾದದ್ದೇನೆಂದರೆ, ಡಾಂಬರು ಕೇಳುವ ಮೊದಲು ಚರಂಡಿ ಮತ್ತು ಮೋರಿಯನ್ನು ಕೇಳಬೇಕು. ನೀರಿಗೆ ದಾರಿ ಮಾಡದೆ ಹಾಕಿದ ಡಾಂಬರು ಮುಂದಿನ ಮಳೆಗಾಲವನ್ನು ದಾಟುವುದು ಕಷ್ಟ.

ತಡ ಮಾಡಿದಷ್ಟೂ ಖರ್ಚು

ಕಡಿಮೆ ವಾಹನ ಸಂಚಾರದ ಹಳ್ಳಿ ರಸ್ತೆಯನ್ನು ಸಾಮಾನ್ಯವಾಗಿ 10 ವರ್ಷಗಳ ಆಯುಷ್ಯಕ್ಕೆ ವಿನ್ಯಾಸ ಮಾಡುತ್ತಾರೆ. ಅದು 10 ವರ್ಷ ಬಾಳಬೇಕಾದರೆ ಪ್ರತಿವರ್ಷ ಚರಂಡಿ, ಮೋರಿ, ಅಂಚು, ಗುಂಡಿಗಳ ನಿರ್ವಹಣೆ ನಡೆಯಬೇಕು. ನಡುವೆ ಒಮ್ಮೆ ಡಾಂಬರಿನ ಮೇಲ್ಪದರವನ್ನು ಹೊಸದಾಗಿ ಹಾಕಬೇಕು. ಇದು ತಪ್ಪಿದರೆ ಮೇಲಿನ ಬಿರುಕಿನಿಂದ ನೀರಿಳಿದು ತಳ ಕೆಡುತ್ತದೆ. ಮೇಲ್ಪದರ ಸರಿಪಡಿಸುವ ಹಣ ಸಣ್ಣದು, ತಳದಿಂದ ಕಟ್ಟುವ ಹಣ ದೊಡ್ಡದು.

ಗರಸಿನ ಲೆಕ್ಕವನ್ನೇ ನೋಡೋಣ. ಒಂದು ಕಿಲೋಮೀಟರ್ ಉದ್ದ, 3.75 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ದಪ್ಪದ ಒಂದೇ ಪದರಕ್ಕೆ 375 ಘನ ಮೀಟರ್ ಬೇಕು. ಟ್ರೇಲರೊಂದು 3 ಘನ ಮೀಟರ್ ಹಿಡಿದರೆ 125 ಲೋಡು. ಇದು ರೋಲರ್ ಓಡಿಸಿ ಗಟ್ಟಿಯಾದ ಮೇಲಿನ ಅಳತೆ; ಸಡಿಲವಾಗಿ ತರುವ ಗರಸು ಇದಕ್ಕಿಂತ ಹೆಚ್ಚು ಬೇಕು. ಇದರ ಮೇಲೆ ಜಲ್ಲಿಯ ಪದರಗಳು, ಡಾಂಬರು ಬೇರೆ. ಗುಂಡಿ ಮುಚ್ಚಿ ಉಳಿಸಬಹುದಾಗಿದ್ದ ರಸ್ತೆಯನ್ನು ಈ ಹಂತಕ್ಕೆ ಬಿಟ್ಟರೆ ಹಣ ಕೇಳುವ ಬಾಗಿಲೂ ಬದಲಾಗುತ್ತದೆ. ತಾಲ್ಲೂಕಿನಲ್ಲಿ ಮುಗಿಯುತ್ತಿದ್ದ ಕೆಲಸ ರಾಜಧಾನಿಯವರೆಗೆ ಹೋಗಬೇಕಾಗುತ್ತದೆ.

ಹಣ ಎಲ್ಲೆಲ್ಲಿದೆ?

ಗುತ್ತಿಗೆದಾರರ ಹೊಣೆ: ಹೊಸ ಹಣ ಕೇಳುವ ಮೊದಲು ರಸ್ತೆ ಆಗಿ ಎಷ್ಟು ವರ್ಷವಾಯಿತು ಎಂದು ನೋಡಬೇಕು. 2000ನೇ ಇಸವಿಯ ಡಿಸೆಂಬರ್ 25ರಂದು ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಡಿ ರಸ್ತೆ ಮಾಡಿದ ಗುತ್ತಿಗೆದಾರರು ಐದು ವರ್ಷ ಅದನ್ನು ನಿರ್ವಹಿಸಬೇಕೆಂಬ ಕರಾರು ಇದೆ. ರಸ್ತೆಯ ಆರಂಭದಲ್ಲಿರುವ ಫಲಕದಲ್ಲಿ ಕೆಲಸ ಮುಗಿದ ದಿನಾಂಕವನ್ನೂ ನಿರ್ವಹಣೆಯ ಅವಧಿಯನ್ನೂ ಓದಿಕೊಳ್ಳಬಹುದು. ಅವಧಿ ಇನ್ನೂ ಇದ್ದರೆ ಕಾರ್ಯಪಾಲಕ ಇಂಜಿನಿಯರಿಗೆ ಬರೆದು ಗುತ್ತಿಗೆದಾರರಿಂದಲೇ ಕೆಲಸ ಮಾಡಿಸುವಂತೆ ಕೇಳಬೇಕು. ಯೋಜನೆಯ ರಸ್ತೆಗಳ ದೂರನ್ನು ಫೋಟೋ ಸಮೇತ ಕಳುಹಿಸಲು 'ಮೇರಿ ಸಡಕ್' ಎಂಬ ಮೊಬೈಲ್ ಅಪ್ಲಿಕೇಶನ್ ಕೂಡ ಇದೆ.

ವಾರ್ಷಿಕ ನಿರ್ವಹಣಾ ಅನುದಾನ: ರಾಜ್ಯದ ಆಯವ್ಯಯದಲ್ಲಿ ರಸ್ತೆ ಮತ್ತು ಸೇತುವೆಗಳಿಗೆ ಎರಡು ಲೆಕ್ಕ ಶೀರ್ಷಿಕೆಗಳಿವೆ. 3054 ಎಂಬುದು ನಿರ್ವಹಣೆಯ ವೆಚ್ಚಕ್ಕೆ, 5054 ಎಂಬುದು ಹೊಸ ನಿರ್ಮಾಣ ಮತ್ತು ಮೇಲ್ದರ್ಜೆಯ ಬಂಡವಾಳ ವೆಚ್ಚಕ್ಕೆ. ಗುಂಡಿ, ಚರಂಡಿ, ಅಂಚಿನ ಕೆಲಸವನ್ನು ಮೊದಲನೆಯದರಲ್ಲಿ ಕೇಳಬೇಕು. ತಳದಿಂದ ಕಟ್ಟುವ ಕೆಲಸವನ್ನು ಇದರಲ್ಲಿ ಕೇಳಿದರೆ ಅನುದಾನ ಸಾಲುವುದಿಲ್ಲ ಎಂಬ ಉತ್ತರ ಬರುತ್ತದೆ.

ಗ್ರಾಮ ಪಂಚಾಯಿತಿಯ ಹಣ: ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆಗಳೂ ಸೇರಿವೆ. 15ನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟು, ಉಳಿದ ಶೇ. 40ನ್ನು ಊರಿನ ಅಗತ್ಯಕ್ಕೆ ಬಿಟ್ಟಿತ್ತು. ಹಣಕಾಸು ಆಯೋಗದ ಅನುದಾನ ಮತ್ತು ಸ್ವಂತ ತೆರಿಗೆಯ ಹಣದಿಂದ ಒಂದು ಮೋರಿ, ನೂರಿನ್ನೂರು ಮೀಟರ್ ಚರಂಡಿ ಇಂಥ ಸಣ್ಣ ಕೆಲಸಗಳನ್ನು ನಿರೀಕ್ಷಿಸಬಹುದು. ನಾಲ್ಕು ಕಿಲೋಮೀಟರ್ ಡಾಂಬರನ್ನು ನಿರೀಕ್ಷಿಸಬಾರದು.

ಗ್ರಾಮೀಣ ಉದ್ಯೋಗ ಯೋಜನೆ: 2005ರ ಉದ್ಯೋಗ ಖಾತರಿ ಕಾಯಿದೆಯಡಿ ಅನೇಕ ಊರುಗಳಲ್ಲಿ ಹೊಲದ ದಾರಿ, ಚರಂಡಿಗಳ ಕೆಲಸ ಆಗಿವೆ. 2025ರಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾಯಿದೆಯನ್ನು ಅಂಗೀಕರಿಸಿದೆ. ಆದ್ದರಿಂದ ಯಾವ ಕಾಮಗಾರಿಗೆ ಅವಕಾಶವಿದೆ ಎಂಬುದನ್ನು ಆಯಾ ವರ್ಷ ಪಂಚಾಯಿತಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಶಾಸಕರ ಮತ್ತು ಸಂಸದರ ಸ್ಥಳೀಯ ಅಭಿವೃದ್ಧಿ ನಿಧಿ: ಸಂಸದರೊಬ್ಬರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಗಳ ಕೆಲಸ ಸೂಚಿಸುವ ಅವಕಾಶವಿದೆ. ನಮ್ಮ ರಾಜ್ಯದ 28 ಲೋಕಸಭಾ ಕ್ಷೇತ್ರಗಳಲ್ಲಿ 224 ವಿಧಾನಸಭಾ ಕ್ಷೇತ್ರಗಳಿವೆ. ಅಂದರೆ ಒಂದೊಂದರಲ್ಲಿ ಎಂಟು. ಅಷ್ಟೂ ಊರುಗಳಿಗೆ ಈ ಹಣ ಹಂಚಿಕೆಯಾಗಬೇಕೆಂಬುದನ್ನು ನೆನಪಿಡಬೇಕು. ಒಂದು ಸಣ್ಣ ಸೇತುವೆಯಂಥ ನಿಶ್ಚಿತ ಕೆಲಸವನ್ನು ಇಲ್ಲಿ ಕೇಳುವುದು ಲೇಸು.

ನಬಾರ್ಡ್ ನಿಧಿ: 1995-96ರಲ್ಲಿ ಸ್ಥಾಪನೆಯಾದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿಯಿಂದ ರಾಜ್ಯ ಸರ್ಕಾರಗಳಿಗೆ ರಸ್ತೆ, ಸೇತುವೆ, ನೀರಾವರಿ ಕೆಲಸಗಳಿಗೆ ಸಾಲ ಸಿಗುತ್ತದೆ. ಊರಿನವರು ನೇರವಾಗಿ ಬ್ಯಾಂಕಿಗೆ ಅರ್ಜಿ ಹಾಕುವಂತಿಲ್ಲ. ಇಲಾಖೆಯೇ ಪ್ರಸ್ತಾವ ಕಳುಹಿಸಬೇಕು. ಹಳ್ಳಕ್ಕೆ ಸೇತುವೆ ಇಲ್ಲದೆ ಮಳೆಗಾಲದಲ್ಲಿ ಸಂಪರ್ಕ ಕಡಿಯುವ ಊರಿನವರು ಈ ನಿಧಿಯನ್ನು ಹೆಸರಿಸಿ ಇಲಾಖೆಯನ್ನು ಕೇಳಬಹುದು.

ಕೇಂದ್ರದ ಗ್ರಾಮ ಸಡಕ್ ಯೋಜನೆ: ಇದರ ಹಂತಗಳನ್ನು ತಿಳಿಯದೆ ಅನೇಕರು ವೃಥಾ ಓಡಾಡುತ್ತಾರೆ. 2019ರಲ್ಲಿ ಒಪ್ಪಿಗೆ ಪಡೆದ ಮೂರನೇ ಹಂತವು ದೇಶದಲ್ಲಿ 1,25,000 ಕಿಲೋಮೀಟರ್ ಹಳೆಯ ಮುಖ್ಯ ಗ್ರಾಮೀಣ ರಸ್ತೆಗಳನ್ನು ಬಲಪಡಿಸುವುದಕ್ಕಾಗಿ ಇತ್ತು. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ ನಾಲ್ಕನೇ ಹಂತವು ಇನ್ನೂ ಸರ್ವಋತು ರಸ್ತೆಯೇ ಇಲ್ಲದ 25,000 ಜನವಸತಿಗಳಿಗೆ 62,500 ಕಿಲೋಮೀಟರ್ ರಸ್ತೆ ಒದಗಿಸುವುದಕ್ಕಾಗಿ ಇದೆ. ಬಯಲು ಪ್ರದೇಶದಲ್ಲಿ 2011ರ ಜನಗಣತಿಯಂತೆ 500 ಜನಸಂಖ್ಯೆ ಇರಬೇಕು. ಹಳೆಯ ರಸ್ತೆಯ ದುರಸ್ತಿಗೆ ಈ ಹಂತವನ್ನು ನೆಚ್ಚಿ ಕೂರಬಾರದು. ಆದರೆ ನಿಮ್ಮ ಊರಿನ ಒಂದು ದೊಡ್ಡಿಗೆ ಅಥವಾ ತಾಂಡಾಕ್ಕೆ ರಸ್ತೆ ಇಲ್ಲದಿದ್ದರೆ ಅದನ್ನು ಕೂಡಲೇ ಪಟ್ಟಿಗೆ ಸೇರಿಸಲು ಕೇಳಬೇಕು.

ವಿಕೋಪ ಪರಿಹಾರ ನಿಧಿ: ನೆರೆಯಿಂದ ಕೊಚ್ಚಿಹೋದ ರಸ್ತೆಯ ತುರ್ತು ದುರಸ್ತಿಗೆ ಇದರಲ್ಲಿ ಅವಕಾಶವಿದೆ. ಹಾನಿಯಾದ ಕೂಡಲೇ ತಹಶೀಲ್ದಾರರಿಗೂ ಇಂಜಿನಿಯರರಿಗೂ ಲಿಖಿತವಾಗಿ ತಿಳಿಸಿ, ಜಂಟಿ ಪರಿಶೀಲನೆಯಲ್ಲಿ ಹೆಸರು ಸೇರಿಸಬೇಕು. ಎರಡು ತಿಂಗಳು ಕಳೆದು ತಿಳಿಸಿದ ಹಾನಿಯನ್ನು ನೆರೆಯ ಹಾನಿ ಎಂದು ತೋರಿಸುವುದು ಕಷ್ಟ.

ಈ ಹಣ ಯಾರದೋ ದಾನವಲ್ಲ. 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಶಿಫಾರಸಿನ ಮೇಲೆ 1929ರಲ್ಲಿ ಕೇಂದ್ರ ರಸ್ತೆ ನಿಧಿ ಸ್ಥಾಪನೆಯಾದಂದಿನಿಂದ, ವಾಹನದ ಇಂಧನದ ಮೇಲೆ ಎತ್ತಿದ ಹಣವನ್ನು ರಸ್ತೆಗೆ ಬಳಸುವ ಪದ್ಧತಿ ಬೆಳೆದುಬಂದಿದೆ. ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿಸುವ ರೈತನೂ ಅದರಲ್ಲಿ ಪಾಲುದಾರ.

ಊರಿನವರು ಸಿದ್ಧಪಡಿಸಬೇಕಾದ ವಿವರ

ಅರ್ಜಿಯೊಡನೆ ಒಂದೆರಡು ಹಾಳೆಯ ವಿವರ ಲಗತ್ತಿಸಿದರೆ ಇಂಜಿನಿಯರರ ಕೆಲಸ ಅರ್ಧ ಹಗುರವಾಗುತ್ತದೆ. ಯುವಕ ಸಂಘ, ಸ್ತ್ರೀಶಕ್ತಿ ಸಂಘ, ಹಾಲು ಉತ್ಪಾದಕರ ಸಹಕಾರ ಸಂಘಗಳು ಇದನ್ನು ಒಂದು ವಾರದಲ್ಲಿ ತಯಾರಿಸಬಹುದು.

1. ಹಾನಿಯ ಪಟ್ಟಿ: ರಸ್ತೆಯ ಆರಂಭದಿಂದ ನಡೆಯುತ್ತಾ ಪ್ರತಿ ನೂರು ಮೀಟರಿಗೆ ಏನು ಕೆಟ್ಟಿದೆ ಎಂದು ಬರೆಯಿರಿ. "0.4 ಕಿ.ಮೀ.ಯಿಂದ 0.7 ಕಿ.ಮೀ.: ಬಲಗಡೆ ಚರಂಡಿ ಇಲ್ಲ, ಜಾಲ ಬಿರುಕು" ಎಂಬಂತಿರಲಿ.

2. ಫೋಟೋ: ಮಳೆ ಬರುತ್ತಿರುವಾಗಲೇ ನೀರು ನಿಲ್ಲುವ, ದಾಟುವ ಜಾಗಗಳ ಚಿತ್ರ ತೆಗೆಯಿರಿ. ಬೇಸಿಗೆಯಲ್ಲಿ ಬರುವ ಅಧಿಕಾರಿಗೆ ಒಣ ರಸ್ತೆ ಮಾತ್ರ ಕಾಣುತ್ತದೆ.

3. ವಾಹನಗಳ ಎಣಿಕೆ: ಸುಗ್ಗಿಯ ಕಾಲದಲ್ಲಿ ಮೂರು ದಿನ, ಬೇರೆ ಕಾಲದಲ್ಲಿ ಮೂರು ದಿನ ಲಾರಿ, ಟ್ರ್ಯಾಕ್ಟರ್, ಬಸ್ಸು, ಎತ್ತಿನಗಾಡಿ, ದ್ವಿಚಕ್ರಗಳನ್ನು ಬೇರೆಬೇರೆಯಾಗಿ ಎಣಿಸಿ.

4. ರಸ್ತೆಯ ಉಪಯೋಗ: ಅದು ಯಾವ ಮಾರುಕಟ್ಟೆ, ಪ್ರೌಢಶಾಲೆ, ಕಾಲೇಜು, ಆಸ್ಪತ್ರೆಗೆ ಹೋಗುತ್ತದೆ, ಎಷ್ಟು ಊರುಗಳನ್ನು ಕೂಡಿಸುತ್ತದೆ ಎಂದು ಬರೆಯಿರಿ. ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲಿ ರಸ್ತೆಗಳ ಆಯ್ಕೆಗೆ ಇವನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗಿತ್ತು.

5. ನಷ್ಟದ ಲೆಕ್ಕ: ಊರಿನಿಂದ ವರ್ಷಕ್ಕೆ 6,000 ಕ್ವಿಂಟಲ್ ಮಾಲು ಹೊರಹೋಗುತ್ತದೆ, ಕೆಟ್ಟ ರಸ್ತೆಯಿಂದ ಕ್ವಿಂಟಲಿಗೆ 20 ರೂಪಾಯಿ ಹೆಚ್ಚು ಬಾಡಿಗೆ ಬೀಳುತ್ತದೆ ಎಂದುಕೊಂಡರೆ ವರ್ಷಕ್ಕೆ 1,20,000 ರೂಪಾಯಿ ಆಯಿತು. ಇದು ಲೆಕ್ಕ ಹಾಕುವ ಕ್ರಮ ಮಾತ್ರ. ನಿಮ್ಮ ಊರಿನ ನಿಜವಾದ ಅಂಕಿಗಳನ್ನೇ ಹಾಕಬೇಕು; ಉಬ್ಬಿಸಿ ಬರೆದ ಒಂದು ಅಂಕಿ ಉಳಿದ ಅಂಕಿಗಳ ಮೇಲೂ ಅನುಮಾನ ತರುತ್ತದೆ.

ಅರ್ಜಿ ಯಾವಾಗ, ಯಾವ ದಾರಿಯಲ್ಲಿ?

ಸರ್ಕಾರದ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮಳೆಗಾಲದಲ್ಲಿ ರಸ್ತೆ ಕೆಟ್ಟಾಗ ಸಿಟ್ಟು ಬರುತ್ತದೆ. ಆದರೆ ಆಗಲೇ ಆ ವರ್ಷದ ಹಣ ಹಂಚಿಕೆಯಾಗಿರುತ್ತದೆ. ಆದ್ದರಿಂದ ಮುಂದಿನ ವರ್ಷಕ್ಕೆ ಈಗಿನಿಂದ ಸಿದ್ಧತೆ ಬೇಕು.

ಜೂನ್‌ನಿಂದ ಸೆಪ್ಟೆಂಬರ್: ಹಾನಿಯ ಪಟ್ಟಿ, ಫೋಟೋ. ನೆರೆ ಹಾನಿಯಿದ್ದರೆ ಕೂಡಲೇ ವರದಿ.

ಅಕ್ಟೋಬರ್‌ನಿಂದ ಡಿಸೆಂಬರ್: ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಾಗುವ ಕಾಲ. ಮೊದಲು ವಾರ್ಡ್ ಸಭೆಯಲ್ಲಿ, ಅನಂತರ ಗ್ರಾಮ ಸಭೆಯಲ್ಲಿ ವಿಷಯ ಮಂಡಿಸಿ ಠರಾವು ಮಾಡಿಸಬೇಕು. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಈ ಸಭೆಗಳು ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ರಸ್ತೆಯ ಹೆಸರು, ಉದ್ದ, ಕೆಲಸ ಇವು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಟ್ಟಿವೆಯೇ ಎಂದು ನೋಡಿ, ಠರಾವಿನ ನಕಲು ಪಡೆಯಬೇಕು. ರಸ್ತೆ ಎರಡು ಪಂಚಾಯಿತಿಗಳಲ್ಲಿ ಹಾದುಹೋಗುತ್ತಿದ್ದರೆ ಎರಡರಿಂದಲೂ ಠರಾವು ಬೇಕು.

ಡಿಸೆಂಬರ್‌ನಿಂದ ಫೆಬ್ರವರಿ: ಠರಾವಿನ ನಕಲಿನೊಡನೆ ತಾಲ್ಲೂಕಿನ ಸಹಾಯಕ ಕಾರ್ಯಪಾಲಕ ಇಂಜಿನಿಯರಿಗೆ ಅರ್ಜಿ ಕೊಡಬೇಕು. ಕಿರಿಯ ಇಂಜಿನಿಯರ್ ಸ್ಥಳ ನೋಡಿ ದರಪಟ್ಟಿಯಂತೆ ಅಂದಾಜುಪಟ್ಟಿ ತಯಾರಿಸುತ್ತಾರೆ. ಅವರು ಬರುವ ದಿನ ತಿಳಿದವರು ಇಬ್ಬರಾದರೂ ಜೊತೆಯಲ್ಲಿ ನಡೆಯಬೇಕು. ಅಂದಾಜುಪಟ್ಟಿಯಲ್ಲಿ ಚರಂಡಿ ಮತ್ತು ಮೋರಿ ಸೇರಿವೆಯೇ ಎಂಬುದನ್ನು ಆಗಲೇ ಕೇಳಿಕೊಳ್ಳಬೇಕು. ಅಂದಾಜುಪಟ್ಟಿಯಲ್ಲಿ ಇಲ್ಲದ ಕೆಲಸವನ್ನು ಗುತ್ತಿಗೆದಾರರು ಮಾಡುವುದಿಲ್ಲ.

ಏಪ್ರಿಲ್‌ನಿಂದ: ಕ್ರಿಯಾಯೋಜನೆಯಲ್ಲಿ ಕೆಲಸ ಸೇರಿದೆಯೇ ಎಂದು ವಿಚಾರಿಸಬೇಕು. ಮುಂದೆ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರು, ಕರಾರು, ಕಾರ್ಯಾದೇಶ ಎಂಬ ಮೆಟ್ಟಿಲುಗಳಿವೆ. ಅರ್ಜಿ ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ, "ಏನಾಯಿತು?" ಎಂದರೆ "ನೋಡೋಣ" ಎಂಬ ಉತ್ತರ ಸಿಗುತ್ತದೆ.

ಪ್ರತಿ ಅರ್ಜಿಗೂ ಟಪಾಲು ವಿಭಾಗದ ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿ ಪಡೆಯಬೇಕು. ಉತ್ತರವೇ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಡನೆ ಮಾಹಿತಿ ಕೇಳಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕೆಂದು ಕಾಯಿದೆ ಹೇಳುತ್ತದೆ. ಇದನ್ನು ಜಗಳದ ದನಿಯಲ್ಲಿ ಬರೆಯಬೇಕಾಗಿಲ್ಲ. ದಿನಾಂಕ, ರಸ್ತೆಯ ಹೆಸರು, ಬೇಕಾದ ದಾಖಲೆ ಇಷ್ಟಿದ್ದರೆ ಸಾಕು.

ಅರ್ಜಿಯ ಮಾದರಿ

ಇವರಿಗೆ: ಸಹಾಯಕ ಕಾರ್ಯಪಾಲಕ ಇಂಜಿನಿಯರ್, ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗ, ........ ತಾಲ್ಲೂಕು.

ಮಾನ್ಯರೇ,

ವಿಷಯ: ........ ಗ್ರಾಮದಿಂದ ........ ಕೂಡು ರಸ್ತೆಯವರೆಗಿನ ರಸ್ತೆಯ ದುರಸ್ತಿ ಕುರಿತು.

ಮೇಲ್ಕಂಡ ರಸ್ತೆಯ ಉದ್ದ ........ ಕಿ.ಮೀ. ಇದ್ದು, ........ ನೇ ಇಸವಿಯಲ್ಲಿ ಕೊನೆಯ ಬಾರಿ ಡಾಂಬರೀಕರಣವಾಗಿರುತ್ತದೆ. ........ ಕಿ.ಮೀ.ಯಿಂದ ........ ಕಿ.ಮೀ.ವರೆಗೆ ಚರಂಡಿ ಇಲ್ಲದೆ ನೀರು ನಿಂತು ರಸ್ತೆ ಕುಸಿದಿದೆ. ........ ಕಿ.ಮೀ.ಯಲ್ಲಿ ಮೋರಿ ಮುಚ್ಚಿಹೋಗಿದೆ. ಈ ರಸ್ತೆಯನ್ನು ........ ಗ್ರಾಮಗಳ ಜನರು ಮಾರುಕಟ್ಟೆ, ಶಾಲೆ, ಆಸ್ಪತ್ರೆಗಳಿಗೆ ಬಳಸುತ್ತಾರೆ. ಆದ್ದರಿಂದ ಮೊದಲು ಚರಂಡಿ ಮತ್ತು ಮೋರಿ, ಅನಂತರ ಕೆಟ್ಟ ಭಾಗದ ಮರುನಿರ್ಮಾಣ ಎಂಬ ಕ್ರಮದಲ್ಲಿ ಅಂದಾಜುಪಟ್ಟಿ ತಯಾರಿಸಿ ಮುಂದಿನ ಸಾಲಿನ ಕ್ರಿಯಾಯೋಜನೆಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ. ಹಣ ಒಮ್ಮೆಗೆ ಒದಗದಿದ್ದಲ್ಲಿ ಚರಂಡಿ ಮತ್ತು ಮೋರಿಗಳ ಕೆಲಸವನ್ನಾದರೂ ಈ ಸಾಲಿನಲ್ಲಿ ಕೈಗೊಳ್ಳಬೇಕಾಗಿ ವಿನಂತಿ.

ಲಗತ್ತು: ಗ್ರಾಮ ಸಭೆಯ ಠರಾವು, ಹಾನಿಯ ಪಟ್ಟಿ, ಫೋಟೋಗಳು, ವಾಹನ ಎಣಿಕೆ.

ಪ್ರತಿಗಳನ್ನು ಕಾರ್ಯಪಾಲಕ ಇಂಜಿನಿಯರಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಮತ್ತು ಕ್ಷೇತ್ರದ ಶಾಸಕರಿಗೆ ಕಳುಹಿಸಬೇಕು. ಅರ್ಜಿಯ ಕೊನೆಯ ವಾಕ್ಯ ಮುಖ್ಯವಾದದ್ದು. ಪೂರ್ತಿ ಹಣ ಇಲ್ಲವೆಂದು ಅರ್ಜಿ ಮೂಲೆ ಸೇರದೆ, ಸಣ್ಣ ಹಣದಲ್ಲಿ ಆಗುವ ಕೆಲಸ ಅದರಿಂದ ಮೊದಲಾಗುತ್ತದೆ.

ಕೆಲಸ ನಡೆಯುವಾಗ

ಹಣ ಬಂದರೆ ಅರ್ಧ ಕೆಲಸವಾಯಿತು. ಉಳಿದರ್ಧಕ್ಕೆ ಊರಿನ ಕಣ್ಣು ಬೇಕು. ಅಂದಾಜುಪಟ್ಟಿಯ ನಕಲು ಪಡೆದು ಪದರಗಳ ದಪ್ಪವನ್ನು ಗುರುತು ಮಾಡಿಕೊಳ್ಳಿ. ಗರಸು, ಜಲ್ಲಿ ಪದರಗಳಿಗೆ ನೀರು ಹಾಕಿ ರೋಲರ್ ಓಡಿಸುತ್ತಾರೆಯೇ, ಗುಂಡಿಯನ್ನು ಚೌಕವಾಗಿ ಕತ್ತರಿಸಿ ಸಡಿಲ ಮಣ್ಣು ತೆಗೆದು ಡಾಂಬರು ಬಳಿದು ತುಂಬುತ್ತಾರೆಯೇ ಎಂದು ನೋಡಿ. ಧೂಳಿನ ಮೇಲೆ, ತೇವದ ಮೇಲೆ ಹಾಕಿದ ಡಾಂಬರು ಹಿಡಿಯುವುದಿಲ್ಲ. ಮುಗಿದ ಮೇಲೆ ದಾರ ಹಿಡಿದು ನಡುಭಾಗದ ಎತ್ತರ ನೋಡಿ. ಲೋಪ ಕಂಡರೆ ಸ್ಥಳದಲ್ಲಿ ವಾದ ಮಾಡದೆ ಅದೇ ದಿನ ಇಂಜಿನಿಯರಿಗೆ ಲಿಖಿತವಾಗಿ ತಿಳಿಸಿ. ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಮಾಹಿತಿ ಹಕ್ಕು ಕಾಯಿದೆಯಲ್ಲಿ ಇದೆ.

ನಮ್ಮ ಕೈಯಲ್ಲಿರುವ ಕೆಲಸ

ರಸ್ತೆ ಕೆಡಲು ನಮ್ಮ ಕೆಲವು ಅಭ್ಯಾಸಗಳೂ ಕಾರಣ. ಹೊಲವನ್ನು ಡಾಂಬರಿನ ಅಂಚಿನವರೆಗೆ ಉಳುವುದು, ಹೊಲಕ್ಕೆ ಹೋಗಲು ಚರಂಡಿಗೆ ಮಣ್ಣು ತುಂಬಿ ಪೈಪು ಹಾಕದೆ ಬಿಡುವುದು, ಗದ್ದೆಯ ನೀರನ್ನು ರಸ್ತೆಗೆ ಬಿಡುವುದು, ಪೈಪ್‌ಲೈನಿಗಾಗಿ ರಸ್ತೆ ಕತ್ತರಿಸಿ ಮಣ್ಣು ಮುಚ್ಚಿ ಹೋಗುವುದು, ಕೆಸರು ಗದ್ದೆಯ ಕಬ್ಬಿಣದ ಗಾಲಿಗಳನ್ನು ಕಳಚದೆ ಟ್ರ್ಯಾಕ್ಟರನ್ನು ಡಾಂಬರಿನ ಮೇಲೆ ಓಡಿಸುವುದು, ಇವು ನಿಲ್ಲಬೇಕು.

ಅತಿಭಾರದ ವಾಹನಗಳ ವಿಷಯವೂ ಹಾಗೆಯೇ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಪ್ರಯೋಗದಿಂದ ತಿಳಿದುಬಂದಂತೆ, ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರರಷ್ಟಾಗುತ್ತದೆ. ಒಂದೇ ಸಲಕ್ಕೆ ಹೆಚ್ಚು ಕಬ್ಬು ಹೇರಿ ಉಳಿಸಿದ ಬಾಡಿಗೆಯನ್ನು ಊರಿನ ರಸ್ತೆ ತೆರುತ್ತದೆ.

ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಒಂದು ದಿನ ಮನೆಗೊಬ್ಬರಂತೆ ಸೇರಿ ಚರಂಡಿಯ ಹೂಳು, ಮೋರಿಯ ಬಾಯಿಯ ಕಸ ತೆಗೆದರೆ ಬಹಳಷ್ಟು ಹಾನಿ ತಪ್ಪುತ್ತದೆ. ಇದು ಸರ್ಕಾರದ ಹೊಣೆಯನ್ನು ತಪ್ಪಿಸುವುದಕ್ಕಲ್ಲ. ಶ್ರಮದಾನದಿಂದ ಡಾಂಬರು ಬರುವುದಿಲ್ಲ. ಆದರೆ ಇರುವ ಡಾಂಬರು, ಹಣ ಮಂಜೂರಾಗುವವರೆಗೆ ಉಳಿಯುತ್ತದೆ.

ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಪ್ರತಿ ಊರಿನಲ್ಲಿ ಓದುಬರಹ ಬಲ್ಲ ನಾಲ್ವರಿಗೆ ಹಾನಿಯ ಪಟ್ಟಿ ಮಾಡುವ ಕ್ರಮವನ್ನು ಕಲಿಸಿಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ. ಈ ಮಳೆಗಾಲದಲ್ಲಿ ಪಟ್ಟಿ ತಯಾರಿಸಿ, ಅಕ್ಟೋಬರಿನ ಗ್ರಾಮ ಸಭೆಗೆ ಅದನ್ನು ಒಯ್ಯಿರಿ. ಕೇಳುವಾಗ ಚರಂಡಿ ಮೊದಲು, ಡಾಂಬರು ಆಮೇಲೆ ಎಂಬುದು ಮರೆಯದಿರಲಿ.